ಜೀವಕೋಶಕ್ಕೆ ರವಿವಾರವಿಲ್ಲ

ಹೈದರಾಬಾದು ನಗರವನ್ನು ಕನ್ನಡಿಗರು ಪರಸ್ಥಳವೆಂದು ಭಾವಿಸುವುದು ಕಷ್ಟ. 1956ನೆಯ ಇಸವಿ ನವೆಂಬರ್ 1ನೆಯ ತಾರೀಖಿನವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿಯಾಗಿದ್ದಿತು. ಅಂದಿನ ಕನ್ನಡಿಗರು ಗುಮಾಸ್ತಿಕೆಗೋ, ವಕಾಲತ್ತಿಗೋ, ಕಾಲೇಜಿನ ಓದಿಗೋ ಬಂದು ಕಾಚಿಗುಡ, ಸುಲ್ತಾನ್ ಬಜಾರುಗಳ ಸುತ್ತಮುತ್ತ ನೆಲಸಿದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿ ನಿಲ್ಲಿಸಿದರು. ಉಡುಪಿ, ಕುಂದಾಪುರಗಳ ಕಡೆಯಿಂದ ಹೊಟೇಲು ಕಸುಬಿನವರೂ ಬಂದರು. ಈಗ ಬರುತ್ತಿರುವ ತಲೆಮಾರಿನವರಾದರೋ ಕಾಚಿಗುಡವನ್ನು ಕಂಡವರೇ ವಿರಳ. ಬೀದರದಿಂದ ಬರುವ ರೈಲಿನಿಂದ ಲಿಂಗಂಪಲ್ಲಿಯಲ್ಲಿ ಇಳಿದು, ನೇರವಾಗಿ ಗಚ್ಚಿಬೌಲಿಯ ಪಿ.ಜಿ. ವಸತಿಗಳಿಗೆ ಹೋಗಿ, ಒಂದು ಕೋಣೆಯಲ್ಲಿ ಮೂವರಂತೆ ಬಿಡಾರ ಹೂಡುತ್ತಾರೆ.

ಇವರಲ್ಲಿ ಬಹುಮಂದಿ ಕಂಪ್ಯೂಟರಿನ ಕೆಲಸಕ್ಕೆ ಬಂದವರು. ಅವರ ವಿಷಯವಾಗಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಪ್ರಕೃತ ನಾವು ಹೇಳಹೊರಟಿರುವುದು ಜೈವಿಕ ತಂತ್ರಜ್ಞಾನದ ಕಂಪೆನಿಗಳಲ್ಲಿ ದುಡಿಯುವ ಚಿಕ್ಕ ಗುಂಪಿನ ವಿಷಯ. ಬೀದರ, ಕಲಬುರಗಿ, ಧಾರವಾಡದ ಕಾಲೇಜುಗಳಲ್ಲಿ ಜೀವಶಾಸ್ತ್ರದ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿದ ಹುಡುಗ ಹುಡುಗಿಯರು ಇವರು. ಕೆಲವರು 1974ರಲ್ಲಿ ಸ್ಥಾಪಿತವಾದ ಹೈದರಾಬಾದು ವಿಶ್ವವಿದ್ಯಾನಿಲಯದ ಆವರಣದಲ್ಲಿ ಹೊಸ ಕಂಪೆನಿಗಳಿಗೆ ಆಸರೆ ಕೊಡುವ ಸಂಸ್ಥೆಯಲ್ಲಿ ಇದ್ದಾರೆ. ಕೆಲವರು ಗಾಜಿನ ಗೋಪುರಗಳಲ್ಲಿ ಕುಳಿತು ಪರದೇಶದ ಔಷಧ ಕಂಪೆನಿಗಳ ಲೆಕ್ಕಪತ್ರ ನೋಡುತ್ತಾರೆ. ಮತ್ತೆ ಕೆಲವರು ಹೊರವರ್ತುಲ ರಸ್ತೆಯ ಮೇಲೆ ಐವತ್ತು ಅರುವತ್ತು ಕಿಲೋಮೀಟರು ಬಸ್ಸಿನಲ್ಲಿ ಸುತ್ತಿ, ಶಾಮೀರ್‌ಪೇಟೆಯ ಬಳಿಯ ಜೀನೋಮ್ ವ್ಯಾಲಿಯ ಕಾರ್ಖಾನೆಗಳನ್ನು ಮುಟ್ಟಿ ಪಾಳಿಯ ಗಂಟೆಗೆ ಹಾಜರಾಗುತ್ತಾರೆ.

ಊರಿನಲ್ಲಿರುವ ತಾಯಿತಂದೆಗಳನ್ನು ಕೇಳಿದರೆ, ಮಗಳು ಒಳ್ಳೆಯ ಕಂಪೆನಿಯಲ್ಲಿ ಇದ್ದಾಳೆ ಎನ್ನುತ್ತಾರೆ. ಒಳ್ಳೆಯದೆಂದು ಹೇಗೆ ತಿಳಿಯಿತು ಎಂದು ಕೇಳಿದರೆ, ತಂಪು ಹವೆಯ ಕಟ್ಟಡ, ಬಸ್ಸಿನ ಸೌಕರ್ಯ, ಅಗ್ಗದ ಊಟ, ತಿಂಗಳ ಮೊದಲ ವಾರಕ್ಕೆ ಸಂಬಳ, ಇಷ್ಟು ಹೇಳುತ್ತಾರೆ. ಇವೆಲ್ಲ ಬೇಕಾದುವೇ ಸರಿ. ಆದರೆ ಈ ಉದ್ಯಮದಲ್ಲಿ ಮತ್ತೊಂದು ಪ್ರಶ್ನೆ ಇದೆ. ಕೆಲಸಗಾರನ ದಣಿವೂ ಅವನ ಭಯವೂ ಇಲ್ಲಿ ಅವನೊಬ್ಬನ ಸಂಗತಿಯಾಗಿ ಉಳಿಯುವುದಿಲ್ಲ. ಅವು ಸೀಸೆಯ ಒಳಗೆ ಸೇರಿ, ಯಾವುದೋ ಊರಿನ ಕೂಸಿನ ತೋಳಿಗೆ ಚುಚ್ಚುವ ಸೂಜಿಯ ತನಕ ಹೋಗುತ್ತವೆ. ನೌಕರರ ಯೋಗಕ್ಷೇಮವನ್ನು ಧರ್ಮಕಾರ್ಯವೆಂದು ಎಣಿಸುವ ಮಾಲಿಕರೂ, ಅನಾವಶ್ಯಕ ಖರ್ಚೆಂದು ಎಣಿಸುವ ಮಾಲಿಕರೂ ಈ ಒಂದು ಸಂಗತಿಯನ್ನು ಸಮನಾಗಿ ಮರೆಯುತ್ತಾರೆ.

ಹಿಟ್ಟೂ ಜೀವಕೋಶವೂ

ಈ ಕೆಲಸದ ಸ್ವರೂಪವನ್ನು ಹೊಟೇಲಿನ ಗಲ್ಲದಲ್ಲಿ ಹಲವು ವರ್ಷ ಕುಳಿತವನು ಬೇಗನೆ ಗ್ರಹಿಸಬಲ್ಲನು. ಇಡ್ಲಿಯ ಹಿಟ್ಟು ಮಾಲಿಕನ ಗಡಿಯಾರ ನೋಡಿ ಹುದುಗುವುದಿಲ್ಲ. ಚೈತ್ರ ವೈಶಾಖದ ಸೆಕೆಯಲ್ಲಿ ಬೇಗ ಏಳುತ್ತದೆ, ಮಾಗಿಯ ಚಳಿಯಲ್ಲಿ ಮಲಗಿಯೇ ಇರುತ್ತದೆ. ಅರೆಯುವವನು ರಾತ್ರಿ ಹತ್ತಕ್ಕೆ ಅರೆದು ಮುಗಿಸಬೇಕು, ಭಟ್ಟರು ಮುಂಜಾವದ ನಾಲ್ಕಕ್ಕೆ ಎದ್ದು ನೋಡಬೇಕು. ಹಬ್ಬವಿದ್ದರೂ ಹಿಟ್ಟು ಕಾಯದು.

ಜೈವಿಕ ಔಷಧದ ಕಾರ್ಖಾನೆಯಲ್ಲಿ ನಡೆಯುವುದೂ ಹೆಚ್ಚು ಕಡಮೆ ಇದೇ. ಇನ್ಸುಲಿನ್ನಿನಂತಹ ಕೆಲವು ಔಷಧಗಳನ್ನು ಬ್ಯಾಕ್ಟೀರಿಯ ಅಥವಾ ಹುದುಗುಜೀವಿಗಳಿಂದ ಮಾಡಿಸಿಕೊಳ್ಳುತ್ತಾರೆ. ಕ್ಯಾನ್ಸರಿನ ಹಲವು ಚುಚ್ಚುಮದ್ದುಗಳಿಗೆ ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಯಂತಹ ಪ್ರಾಣಿಯ ಅಂಡಾಶಯದಿಂದ ಮೂಲತಃ ತೆಗೆದ ಜೀವಕೋಶಗಳನ್ನು ಬಳಸುತ್ತಾರೆ. ಬ್ಯಾಕ್ಟೀರಿಯವು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾದರೆ, ಈ ಪ್ರಾಣಿಕೋಶವು ಇಮ್ಮಡಿಯಾಗಲು ಸುಮಾರು ಒಂದು ದಿನ ಬೇಕು. ದೊಡ್ಡ ಉಕ್ಕಿನ ಪಾತ್ರೆಯಲ್ಲಿ 37 ಡಿಗ್ರಿಯ ಆಸುಪಾಸಿನ ಶಾಖದಲ್ಲಿ, ಎರಡು ವಾರದಷ್ಟು ಕಾಲ, ಹಗಲಿರುಳು ಅದಕ್ಕೆ ಸಕ್ಕರೆಯನ್ನೂ ಪ್ರಾಣವಾಯುವನ್ನೂ ಲೆಕ್ಕ ಹಾಕಿ ಉಣಿಸುತ್ತಿರಬೇಕು. ಹೊರಗಿನ ಒಂದು ಕ್ಷುದ್ರ ಜೀವಾಣು ಒಳಹೊಕ್ಕರೆ, ಬೇಗ ಬೆಳೆಯುವ ಅದು ನಿಧಾನದ ಕೋಶವನ್ನು ಹಿಂದಿಕ್ಕಿ ಇಡೀ ಬ್ಯಾಚನ್ನೇ ಕೆಡಿಸಿಬಿಡುತ್ತದೆ. ಹೊಟೇಲಿನಲ್ಲಿ ಹಿಟ್ಟು ಹುಳಿಯಾದರೆ ಅಂದಿನ ವ್ಯಾಪಾರ ಹೋಯಿತು. ಇಲ್ಲಿ ಹೋಗುವುದು ಕೋಟಿಗಳ ಲೆಕ್ಕದ್ದು.

ಆದುದರಿಂದ ಇಲ್ಲಿ ರವಿವಾರವೆಂಬುದು ಪಂಚಾಂಗದಲ್ಲಿ ಮಾತ್ರ. ಚಿಕ್ಕ ಪ್ರಯೋಗಶಾಲೆಯಲ್ಲಿಯೂ ಯಾರಾದರೊಬ್ಬರು ರಜೆಯ ದಿನ ಬಂದು ಕೋಶಗಳಿಗೆ ಹೊಸ ಆಹಾರದ್ರವ ಹಾಕಿ ಹೋಗಬೇಕು. ಆ ಯಾರಾದರೊಬ್ಬರು ಯಾರೆಂಬುದನ್ನು ನೋಡಿದರೆ ಆ ಕಂಪೆನಿಯ ಗುಣವು ಅರ್ಧದಷ್ಟು ತಿಳಿಯುತ್ತದೆ. ಸರದಿಯ ಪಟ್ಟಿಯನ್ನು ತಿಂಗಳ ಮುಂಚೆ ಗೋಡೆಗೆ ಅಂಟಿಸಿ, ಹಿರಿಯ ವಿಜ್ಞಾನಿಯ ಹೆಸರನ್ನೂ ಅದರಲ್ಲಿ ಬರೆದು, ರವಿವಾರ ಬಂದವನಿಗೆ ವಾರದಲ್ಲಿ ಬದಲಿ ರಜೆ ಕೊಡುವ ಮನೆಗಳು ಉಂಟು. ಶನಿವಾರ ಸಾಯಂಕಾಲ ಫೋನು ಮಾಡಿ, ಮದುವೆಯಾಗದ, ಊರು ದೂರವಿರುವ, ಬೇಡವೆನ್ನಲು ಧೈರ್ಯವಿಲ್ಲದ ಒಬ್ಬನನ್ನೇ ಪ್ರತಿಸಲ ಕರೆಯುವ ಮನೆಗಳೂ ಉಂಟು. ನಮ್ಮ ಕನ್ನಡದ ಹುಡುಗರು ಸಾಮಾನ್ಯವಾಗಿ ಈ ಎರಡನೆಯ ಪಟ್ಟಿಗೆ ಸೇರುತ್ತಾರೆ. ಪರಭಾಷೆಯ ಊರಿನಲ್ಲಿ ನಯವಾಗಿ ನಿರಾಕರಿಸುವ ಮಾತು ಬಾಯಿಗೆ ಬೇಗ ಬರುವುದಿಲ್ಲ.

ರಾತ್ರಿಯ ಪಾಳಿಯನ್ನು ಕುರಿತು ಶಾಸ್ತ್ರವೂ ಮಾತಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಮರಳಿ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗತಕ್ಕದ್ದೆಂದು ವರ್ಗೀಕರಿಸಿತು. ದೇಹದೊಳಗಿನ ಹಗಲು ರಾತ್ರಿಯ ಗಡಿಯಾರವು ಹೇಗೆ ನಡೆಯುತ್ತದೆಂದು ಕಂಡುಹಿಡಿದ ಅಮೇರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸೋಜಿಗವೆಂದರೆ, ಜೀವಕೋಶದ ಗಡಿಯಾರವನ್ನು ಇಷ್ಟು ಚೆನ್ನಾಗಿ ಬಲ್ಲ ಉದ್ಯಮವೇ ತನ್ನ ನೌಕರನ ಪಾಳಿಯನ್ನು ವಾರಕ್ಕೊಮ್ಮೆ ಹಿಂದುಮುಂದು ಮಾಡುತ್ತದೆ. ರಾತ್ರಿಯ ಪಾಳಿ ಅನಿವಾರ್ಯ, ಒಪ್ಪಿದೆವು. ಅದಾದ ಮೇಲೆ ಮಲಗಲು ಎರಡು ಪೂರ್ಣ ದಿನ ಕೊಡುವುದು ಅಸಾಧ್ಯವಲ್ಲ.

2023ರ ಅಕ್ಟೋಬರಿನಲ್ಲಿ ನಮ್ಮವರೇ ಆದ ಎನ್. ಆರ್. ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ್ದು ವಾಚಕರ ನೆನಪಿನಲ್ಲಿ ಇದ್ದೀತು. ಅವರ ಉದ್ದೇಶವನ್ನು ಇಲ್ಲಿ ಪ್ರಶ್ನಿಸಬೇಕಾಗಿಲ್ಲ. ಆದರೆ ಒಂದು ಹನಿಯ ಅತಿ ಚಿಕ್ಕ ಪಾಲನ್ನು ಹೆಬ್ಬೆಟ್ಟಿನಿಂದ ಒತ್ತಿ ಅಳೆಯುವ ಪಿಪೆಟ್ಟಿನ ಕೆಲಸವನ್ನು ಹನ್ನೊಂದನೆಯ ಗಂಟೆಯಲ್ಲಿ ಮಾಡುವವನ ಕೈಯನ್ನು ಒಮ್ಮೆ ನೋಡಬೇಕು. ವರ್ಷಗಟ್ಟಲೆ ಹೀಗೆ ಒತ್ತಿದವರ ಹೆಬ್ಬೆರಳಿನ ಸಂದಿಯೂ ಮಣಿಕಟ್ಟೂ ನೋಯುವುದು ಈ ಕಸುಬಿನ ಹಳೆಯ ರೋಗ. ಹೊಟೇಲಿನ ದೋಸೆ ಭಟ್ಟರ ಭುಜನೋವಿನ ಹಾಗೆ, ಇದಕ್ಕೂ ಯಾರೂ ರಜೆ ಕೊಡುವುದಿಲ್ಲ.

ನೀರು ಕುಡಿಯದ ಪಾಳಿ

ಔಷಧವನ್ನು ಸೀಸೆಗೆ ತುಂಬುವ ಕೋಣೆಯು ಗರ್ಭಗುಡಿಗಿಂತಲೂ ಮಡಿ. ಮನುಷ್ಯನ ಚರ್ಮದಿಂದ ಸದಾ ಉದುರುವ ಸೂಕ್ಷ್ಮ ಕಣಗಳೇ ಅಲ್ಲಿಯ ದೊಡ್ಡ ಶತ್ರು. ಆದುದರಿಂದ ಒಳಗೆ ಹೋಗುವವರು ಕುಂಕುಮ, ಕಾಡಿಗೆ, ಹೂವು, ಬಳೆ, ಉಂಗುರಗಳನ್ನು ಹೊರಗೇ ಬಿಟ್ಟು, ಒಂದರ ಮೇಲೊಂದು ಉಡುಪು ತೊಟ್ಟು, ತಲೆಗೆ ಮುಸುಕು, ಬಾಯಿಗೆ ಪಟ್ಟಿ, ಕಣ್ಣಿಗೆ ಕನ್ನಡಕ, ಕೈಗೆ ಎರಡು ಜೊತೆ ಕೈಚೀಲ, ಕಾಲಿಗೆ ಬೂಟು ಹಾಕಿಕೊಂಡು, ಗಾಳಿಯ ಕೋಣೆಗಳನ್ನು ದಾಟಬೇಕು. ಒಳಗೆ ಆಹಾರವಾಗಲಿ ನೀರಾಗಲಿ ಕೂಡದು. ಶೌಚಕ್ಕೆ ಹೋಗಬೇಕಾದರೆ ಎಲ್ಲವನ್ನೂ ಕಳಚಿ, ಮರಳಿ ಬರುವಾಗ ಹೊಸದಾಗಿ ಎಲ್ಲವನ್ನೂ ತೊಡಬೇಕು. ಒಂದು ಸಲ ಹೋಗಿ ಬರುವುದೆಂದರೆ ಅರ್ಧ ಗಂಟೆಯ ಮಾತು. ಆ ಹೊತ್ತಿನಲ್ಲಿ ಯಂತ್ರದ ಬಳಿ ಇನ್ನೊಬ್ಬರು ನಿಲ್ಲಬೇಕು. ಇನ್ನೊಬ್ಬರು ಇಲ್ಲದಿದ್ದರೆ?

ಬಸವಕಲ್ಯಾಣದ ಕಡೆಯ ಒಬ್ಬ ಹುಡುಗಿ ಇದಕ್ಕೆ ತಾನು ಕಂಡುಕೊಂಡ ಉಪಾಯವನ್ನು ನಗುತ್ತಲೇ ಹೇಳಿದಳು: "ಕಾಕಾ, ತುಂಬೋ ಪಾಳಿ ಇದ್ದ ದಿನ ಮುಂಜಾನಿಂದ ನೀರs ಕುಡಿಯಂಗಿಲ್ರಿ. ರೂಢಿ ಆಗ್ಯದ." ಅವಳ ಜೊತೆಯ ಇಬ್ಬರು ಹುಡುಗಿಯರೂ ತಲೆಯಾಡಿಸಿದರು. ಇಪ್ಪತ್ತನಾಲ್ಕು ವರ್ಷದ ಮಕ್ಕಳು ಮೂತ್ರದ ಉರಿಗೆ ಔಷಧ ನುಂಗುತ್ತ ಬೇರೆಯವರಿಗೆ ಔಷಧ ತುಂಬುತ್ತಿದ್ದಾರೆ. ಮಾಸಿಕದ ದಿನಗಳಲ್ಲಿ ಪಾಡೇನೆಂಬುದನ್ನು ಅವರು ಹೇಳಲೂ ಇಲ್ಲ, ನಾವು ಕೇಳಲೂ ಇಲ್ಲ, ಊಹಿಸುವುದು ಕಷ್ಟವಲ್ಲ. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಮಂತ್ರಿಮಂಡಲವು ದುಡಿಯುವ ಸ್ತ್ರೀಯರಿಗೆ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಮಾಸಿಕ ರಜೆಯನ್ನು ಒಪ್ಪಿತು. ಅದು ಕರ್ನಾಟಕದ ಗಡಿಯೊಳಗಿನ ಸಂಸ್ಥೆಗಳಿಗೆ. ಗಚ್ಚಿಬೌಲಿಯಲ್ಲಿರುವ ಬಸವಕಲ್ಯಾಣದ ಹುಡುಗಿಗೆ ಅನ್ವಯಿಸದು.

ಇದಕ್ಕೆ ಬೇಕಾದ ಚಿಕಿತ್ಸೆ ದೊಡ್ಡದೇನೂ ಅಲ್ಲ. ಪಾಳಿಗೆ ನಾಲ್ವರು ಬೇಕಾದಲ್ಲಿ ಐವರನ್ನು ಇಟ್ಟರೆ ತೀರಿತು. ಆ ಐದನೆಯವನ ಸಂಬಳವನ್ನು ಉಳಿಸಿದ ಅಧಿಕಾರಿಗೆ ವರ್ಷದ ಕೊನೆಗೆ ಬೋನಸ್ಸು ಸಿಗುತ್ತದೆ. ಅದೇ ಕಂಪೆನಿಯ ಮೊದಲ ಮಹಡಿಯಲ್ಲಿ ನೌಕರರ ಮನಃಶಾಂತಿಗೆಂದು ಯೋಗದ ಚಾಪೆಗಳನ್ನೂ, ಟೇಬಲ್ ಟೆನ್ನಿಸಿನ ಮೇಜನ್ನೂ, ಗೋಡೆಯ ತುಂಬ ನಗುಮುಖದ ಚಿತ್ರಗಳನ್ನೂ ಇಟ್ಟಿರುತ್ತಾರೆ. ಯೋಗವನ್ನು ನಾವು ಹಳಿಯುತ್ತಿಲ್ಲ. ನೀರು ಕುಡಿಯಲು ಬಿಡುವಿಲ್ಲದವರಿಗೆ ಪ್ರಾಣಾಯಾಮದ ತರಗತಿ ಯಾತಕ್ಕೆ ಎಂದಷ್ಟೇ ನಮ್ಮ ಪ್ರಶ್ನೆ.

'ಮಾನವ ದೋಷ' ಎಂಬ ಶಬ್ದ

ನೀರು ನಿದ್ದೆಗಳ ಮಾತಾಯಿತು. ಇನ್ನು ಭಯದ ಮಾತು. ಈ ಉದ್ಯಮದಲ್ಲಿ ಔಷಧದ ಜೊತೆಗೆ ಕಾಗದವೂ ತಯಾರಾಗುತ್ತದೆ. ಎಷ್ಟು ಹೊತ್ತಿಗೆ ಏನು ಹಾಕಿದರು, ಶಾಖ ಎಷ್ಟಿತ್ತು, ಯಾರು ನೋಡಿದರು, ಎಲ್ಲವನ್ನೂ ಆಯಾ ಕ್ಷಣದಲ್ಲೇ ಶಾಯಿಯಲ್ಲಿ ಬರೆದು ರುಜು ಮಾಡಬೇಕು. ತಪ್ಪಾದರೆ ಅಳಿಸಕೂಡದು; ಒಂದೇ ಗೆರೆ ಎಳೆದು, ಹಳೆಯದು ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಕಾರಣ ಸಹಿತ ದಿನಾಂಕ ಹಾಕಬೇಕು. ನೋಡಿದರೆ, ಸತ್ಯ ಹೇಳುವ ರೂಢಿಯನ್ನು ನಿಯಮವಾಗಿ ಮಾಡಿದ ಇಂತಹ ವ್ಯವಸ್ಥೆ ಬೇರೆ ಕಸುಬುಗಳಲ್ಲಿ ಅಪರೂಪ. ಹೊಟೇಲಿನ ಲೆಕ್ಕದ ಪುಸ್ತಕವನ್ನು ಈ ನಿಯಮದಿಂದ ಬರೆದಿದ್ದರೆ ಎಷ್ಟೋ ಪಾಲುಗಾರಿಕೆಗಳು ಮುರಿಯದೆ ಉಳಿಯುತ್ತಿದ್ದುವು.

ಆದರೆ ನಿಯಮವನ್ನು ನಡೆಸುವವನು ಮನುಷ್ಯ. ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗನು ಒಂದು ದ್ರವವನ್ನು ಹತ್ತು ನಿಮಿಷ ತಡವಾಗಿ ಹಾಕಿದನೆನ್ನಿ. ಇದ್ದದ್ದನ್ನು ಇದ್ದಂತೆ ಬರೆದರೆ ವ್ಯತ್ಯಯದ ವರದಿ ಏಳುತ್ತದೆ, ವಿಚಾರಣೆ ನಡೆಯುತ್ತದೆ. ಬಹಳ ಕಡೆ ಆ ವಿಚಾರಣೆಯ ಕೊನೆಯ ಸಾಲಿನಲ್ಲಿ ಕಾರಣವೆಂದು ಬರೆಯುವುದು 'ಮಾನವ ದೋಷ'. ಪರಿಹಾರವೆಂದರೆ ಅವನಿಗೆ ಮರುತರಬೇತಿ. ಅವನು ಹನ್ನೆರಡು ಗಂಟೆ ನಿಂತಿದ್ದನೆ, ಪಾಳಿಯಲ್ಲಿ ಒಬ್ಬರು ಕಡಮೆ ಇದ್ದರೆ, ಎರಡು ಸೀಸೆಗಳ ಚೀಟಿಗಳು ಒಂದೇ ಬಣ್ಣದವೆ ಎಂಬುದನ್ನು ಕೇಳಲು ಹೋದರೆ ತಪ್ಪು ಮೇಲಿನವರ ಮೇಜಿಗೆ ಬರುತ್ತದೆ. ಆದುದರಿಂದ ಕೇಳುವುದಿಲ್ಲ. ಒಂದು ಸಲ ಹೀಗೆ ನಡೆದುದನ್ನು ನೋಡಿದ ಉಳಿದ ಹತ್ತು ಮಂದಿ, ಮುಂದಿನ ಸಲ ಗಡಿಯಾರವನ್ನು ನೋಡದೆಯೇ ಸರಿಯಾದ ಹೊತ್ತನ್ನು ಬರೆಯುವ ವಿದ್ಯೆಯನ್ನು ಕಲಿಯುತ್ತಾರೆ.

ಇದು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ದೃಷ್ಟಾಂತ ಉಂಟು. ರಾನ್‌ಬಾಕ್ಸಿ ಎಂಬ ಪ್ರಸಿದ್ಧ ಔಷಧ ಕಂಪೆನಿಯಲ್ಲಿ ಪರೀಕ್ಷೆಯ ಅಂಕಿಗಳು ಸುಳ್ಳೆಂಬುದನ್ನು ಅಲ್ಲಿಯೇ ಇಂಜಿನಿಯರಾಗಿದ್ದ ದಿನೇಶ್ ಠಾಕೂರ್ ಎಂಬವರು ಬಯಲಿಗೆಳೆದರು. 2013ರ ಮೇ ತಿಂಗಳಲ್ಲಿ ಆ ಕಂಪೆನಿಯ ಅಮೇರಿಕದ ಶಾಖೆಯು ಅಲ್ಲಿಯ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ದಂಡ ಮತ್ತು ಪರಿಹಾರವಾಗಿ 50 ಕೋಟಿ ಡಾಲರು ತೆತ್ತಿತು. ಅದು ರಾಸಾಯನಿಕ ಔಷಧಗಳ ಕಂಪೆನಿ, ಜೈವಿಕದ್ದಲ್ಲ, ಸರಿ. ಮೇಲಿನವರ ಒತ್ತಡಕ್ಕೆ ಕೆಳಗಿನವನ ಲೇಖನಿ ಬಾಗುವ ರೀತಿ ಎರಡು ಕಡೆಗೂ ಒಂದೇ.

ಇದರ ಇನ್ನೊಂದು ಮಗ್ಗುಲನ್ನು ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಏಮಿ ಎಡ್ಮಂಡ್ಸನ್ ಎಂಬ ವಿದುಷಿಯು ತೋರಿಸಿಕೊಟ್ಟಿದ್ದಾರೆ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ದಾದಿಯರ ತಂಡಗಳು ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಿದರು. ಒಳ್ಳೆಯ ಮುಖಂಡರಿರುವ ತಂಡದಲ್ಲಿ ತಪ್ಪುಗಳು ಕಡಮೆ ಇರಬೇಕೆಂದು ಅವರ ಎಣಿಕೆ. ಲೆಕ್ಕ ಹಾಕಿದರೆ ಅಂತಹ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದುವು! ಮತ್ತೆ ಶೋಧಿಸಿದಾಗ ತಿಳಿದದ್ದೇನೆಂದರೆ, ಅಲ್ಲಿ ತಪ್ಪು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ತಪ್ಪುಗಳು ಆಗುತ್ತಿದ್ದುವು, ಮುಚ್ಚಿಹೋಗುತ್ತಿದ್ದುವು. 1999ರಲ್ಲಿ ಅವರು ಕಾರ್ಖಾನೆಯ ತಂಡಗಳಲ್ಲಿ ಇದೇ ವಿಷಯವನ್ನು ಪರಿಶೀಲಿಸಿ ಬರೆದ ಪ್ರಬಂಧವು ಇಂದು ಜಗತ್ತಿನ ವ್ಯವಸ್ಥಾಪನಾ ಶಾಲೆಗಳಲ್ಲೆಲ್ಲ ಪಾಠವಾಗಿದೆ. ಗಚ್ಚಿಬೌಲಿಯ ಕಂಪೆನಿಗಳ ಅಧಿಕಾರಿಗಳಲ್ಲಿ ಇದನ್ನು ಓದದವರು ವಿರಳ. ಆದರೂ ತಿಂಗಳ ಕೊನೆಗೆ ವ್ಯತ್ಯಯ ಶೂನ್ಯವೆಂದು ವರದಿ ಮಾಡಿದ ವಿಭಾಗಕ್ಕೇ ಕಪ್ಪು ಬಹುಮಾನವಾಗಿ ಬರುತ್ತದೆ.

ಒಂದು ಸಂಸ್ಥೆಯಲ್ಲಿ ಗುಣಪರೀಕ್ಷಾ ವಿಭಾಗದ ಮುಖ್ಯಸ್ಥೆಯೊಬ್ಬರು ಬೇರೆ ಮಾರ್ಗ ಹಿಡಿದಿದ್ದಾರೆಂದು ಕೇಳಿದೆವು. ವಾರದ ಸಭೆಯಲ್ಲಿ ಮೊದಲು ತಾವೇ ಆ ವಾರ ಮಾಡಿದ ಒಂದು ತಪ್ಪನ್ನು ಹೇಳುತ್ತಾರೆ. ಆ ಮೇಲೆ ಉಳಿದವರ ಸರದಿ. ವಿಚಾರಣೆಯ ಕಾಗದದಲ್ಲಿ 'ಮಾನವ ದೋಷ' ಎಂಬ ಎರಡು ಶಬ್ದಗಳನ್ನು ಬರೆಯುವುದನ್ನು ಅವರು ನಿಲ್ಲಿಸಿದ್ದಾರಂತೆ; ಅದರ ಬದಲು ಆ ಹೊತ್ತಿಗೆ ಪಾಳಿಯಲ್ಲಿ ಎಷ್ಟು ಮಂದಿ ಇದ್ದರು, ಎಷ್ಟು ಗಂಟೆಯಿಂದ ಇದ್ದರು ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಬೇಕು. ರಾಯಚೂರಿನ ಕಡೆಯ ಒಬ್ಬ ಹುಡುಗನು ಇದನ್ನು ಹೇಳುತ್ತ, "ನಮ್ಮ ಮೇಡಂ ಬೈಯೋದಿಲ್ರಿ, ಆದ್ರ ಎಲ್ಲಾ ಕೇಳ್ತಾರ" ಎಂದನು. ಅವನಿಗೆ ಬೇರೆ ಕಂಪೆನಿಯಿಂದ ಹೆಚ್ಚಿನ ಸಂಬಳದ ಕರೆ ಬಂದಿತ್ತು, ಹೋಗಲಿಲ್ಲ.

ಗ್ಯಾರೇಜಿನಿಂದ ಗೋಪುರಕ್ಕೆ

ಈ ಉದ್ಯಮದ ಆರಂಭದ ದಿನಗಳು ಹೀಗೆ ಇರಲಿಲ್ಲ. 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿಯ ಬಂಡವಾಳದಿಂದ ಕಿರಣ್ ಮಜುಮ್ದಾರ್ ಅವರು ಬಯೋಕಾನ್ ಕಂಪೆನಿಯನ್ನು ತೆರೆದಾಗ, ಪರಂಗಿ ಕಾಯಿಯ ಹಾಲಿನಿಂದ ಪಪೇಯಿನ್ ತೆಗೆಯುವುದು ಅವರ ಕೆಲಸ. ಹೆಂಗಸಿನ ಕೈಕೆಳಗೆ ದುಡಿಯಲು ಜನ ಸಿಗದೆ, ಮೊದಲ ನೌಕರನಾಗಿ ಬಂದವನು ನಿವೃತ್ತ ಮೆಕ್ಯಾನಿಕ್. ಇತ್ತ ಹೈದರಾಬಾದಿನಲ್ಲಿ 1993ರಲ್ಲಿ ಇಲೆಕ್ಟ್ರಾನಿಕ್ಸ್ ಇಂಜಿನಿಯರಾಗಿದ್ದ ಕೆ. ಐ. ವರಪ್ರಸಾದ ರೆಡ್ಡಿಯವರು ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಸ್ಥಾಪಿಸಿ, ಉಸ್ಮಾನಿಯ ವಿಶ್ವವಿದ್ಯಾನಿಲಯದಲ್ಲೂ ಆ ಮೇಲೆ ಇಲ್ಲಿಯ ಸಿ.ಸಿ.ಎಂ.ಬಿ. ಸಂಶೋಧನಾಲಯದಲ್ಲೂ ಎರವಲು ಜಾಗ ಪಡೆದು, ಕೈಬೆರಳೆಣಿಕೆಯ ತರುಣರನ್ನು ಕಟ್ಟಿಕೊಂಡು ಕೆಲಸ ಸಾಗಿಸಿದರು. 1997ರ ಆಗಸ್ಟಿನಲ್ಲಿ ಕಾಮಾಲೆ ಬಿ ರೋಗದ ಸ್ವದೇಶೀ ಲಸಿಕೆ ಹೊರಬಂದು, ಬಡವರ ಕೈಗೆ ನಿಲುಕದಿದ್ದ ಪರದೇಶದ ಲಸಿಕೆಯ ಬೆಲೆ ಇಳಿಯಿತು. ಅದಕ್ಕೂ ಹಿಂದೆ, 1960ರ ದಶಕದಲ್ಲಿ, ಬಾಲಾನಗರದ ಸರಕಾರಿ ಔಷಧ ಕಾರ್ಖಾನೆ ಐ.ಡಿ.ಪಿ.ಎಲ್. ತನ್ನ ನೌಕರರಿಗಾಗಿ ಮನೆಗಳ ಬಡಾವಣೆಯನ್ನೇ ಕಟ್ಟಿತ್ತು. ಕಾರ್ಖಾನೆ ರೋಗಗ್ರಸ್ತವಾಗಿ ನಿಂತುಹೋಯಿತು, ಬಡಾವಣೆಯ ಹೆಸರು ಉಳಿಯಿತು. ಅಲ್ಲಿ ಪಳಗಿದ ರಸಾಯನಜ್ಞರೇ ಮುಂದೆ ಈ ನಗರದ ಔಷಧೋದ್ಯಮವನ್ನು ಬೆಳೆಸಿದರು.

ಒಂದೇ ಹೊಟೇಲು ಇದ್ದಾಗ ಧಣಿಯು ಮಾಣಿಯ ಜೊತೆಗೆ ಕುಳಿತು ಉಣ್ಣುತ್ತಾನೆ, ಅವನ ಅಕ್ಕನ ಮದುವೆಗೆ ಸಾಲ ಕೊಡುತ್ತಾನೆ. ಐದು ಶಾಖೆಗಳಾದ ಮೇಲೆ ಮಾಣಿಯ ಹೆಸರೂ ತಿಳಿಯದು. ಆ ಸಲಿಗೆಯನ್ನು ಮರಳಿ ತರುವುದು ಯಾರಿಂದಲೂ ಆಗದು. ಅದರ ಜಾಗದಲ್ಲಿ ನ್ಯಾಯವಾದ ನಿಯಮಗಳನ್ನು ತರಬಹುದು. ಸಲಿಗೆ ಇದ್ದ ಕಾಲದ ದುಡಿಮೆಯನ್ನೂ ಸಲಿಗೆ ಇಲ್ಲದ ಕಾಲದ ಸಂಬಂಧವನ್ನೂ ಒಟ್ಟಿಗೆ ಬಯಸುವ ಮಾಲಿಕರೇ ಈಗ ಹೆಚ್ಚು. "ನಾವೆಲ್ಲ ಒಂದೇ ಕುಟುಂಬ" ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕುಟುಂಬದವರನ್ನು ತಿಂಗಳ ನೋಟೀಸು ಕೊಟ್ಟು ಹೊರಗೆ ಕಳಿಸುವುದಿಲ್ಲವಷ್ಟೆ.

ಗುತ್ತಿಗೆಯವರು

ಇದುವರೆಗೆ ಹೇಳಿದ್ದು ಪದವೀಧರರ ಮಾತು. ಪಾತ್ರೆ ತೊಳೆಯುವವರು, ಉಗಿಯ ಯಂತ್ರದಲ್ಲಿ ಸಾಮಗ್ರಿ ಶುದ್ಧ ಮಾಡುವವರು, ಪ್ರಯೋಗದ ಪ್ರಾಣಿಗಳ ಪಂಜರ ಗುಡಿಸುವವರು, ತ್ಯಾಜ್ಯ ಹೊರುವವರು, ಇವರೆಲ್ಲ ಬಹುತೇಕ ಗುತ್ತಿಗೆದಾರನ ಜನ. ಜಹೀರಾಬಾದಿನ ರಸ್ತೆಯಿಂದ ನಮ್ಮ ಹುಮನಾಬಾದು, ಔರಾದಗಳ ಹುಡುಗರೂ ಇದರಲ್ಲಿ ಸೇರಿದ್ದಾರೆ. ಇವರ ಕೊರಳಿನ ಬಿಲ್ಲೆಯ ಪಟ್ಟಿಯ ಬಣ್ಣವೇ ಬೇರೆ. ಕೆಲವೆಡೆ ಊಟದ ಸಾಲೂ ಬೇರೆ. ಸುರಕ್ಷತೆಯ ಪಾಠವು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ನಡೆಯುತ್ತದೆ. ಕೊನೆಗೆ ಎಲ್ಲರೂ ರುಜು ಹಾಕುತ್ತಾರೆ.

ಪಾಠ ತಿಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಜೀವಕೋಶಗಳನ್ನು ಕಾದಿರಿಸುವ ದ್ರವರೂಪದ ನೈಟ್ರೊಜನ್ ಶೂನ್ಯದ ಕೆಳಗೆ 196 ಡಿಗ್ರಿಯಷ್ಟು ತಣ್ಣಗಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಸೋರಿ ಆವಿಯಾದರೆ ಅಲ್ಲಿಯ ಪ್ರಾಣವಾಯುವನ್ನು ಹೊರಗೆ ದೂಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ. ಒಳಹೊಕ್ಕವನು ಎಚ್ಚರಿಕೆಯೇ ಇಲ್ಲದೆ ಬೀಳುತ್ತಾನೆ, ಎತ್ತಲು ಓಡಿಹೋದವನೂ ಬೀಳುತ್ತಾನೆ. ಗೋಡೆಯ ಮೇಲಿನ ಆ ಚಿಕ್ಕ ಯಂತ್ರವು ಕೂಗಿದರೆ ಒಳಗೆ ಹೋಗಕೂಡದೆಂಬ ಒಂದೇ ವಾಕ್ಯವನ್ನು ಔರಾದದ ಹುಡುಗನಿಗೆ ಅವನ ಮಾತಿನಲ್ಲಿ ಹೇಳುವವರು ಬೇಕು.

2025ನೆಯ ಇಸವಿ ಜೂನ್ 30ರಂದು ಗಚ್ಚಿಬೌಲಿಯಿಂದ ಅಷ್ಟೇನೂ ದೂರವಲ್ಲದ ಪಾಶಮೈಲಾರಂನಲ್ಲಿ, ಮಾತ್ರೆಗಳಿಗೆ ಬೆರೆಸುವ ಪುಡಿಯನ್ನು ತಯಾರಿಸುವ ಸಿಗಾಚಿ ಕಾರ್ಖಾನೆಯಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಹಲವರು ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಹೊಟ್ಟೆಪಾಡಿಗೆ ಬಂದವರು. ಶವಗಳ ಗುರುತು ಹಿಡಿಯಲು ಬಂಧುಗಳ ರಕ್ತ ತೆಗೆದು ಡಿ.ಎನ್.ಎ. ಪರೀಕ್ಷೆ ಮಾಡಬೇಕಾಯಿತು. ಆ ದಿನಗಳಲ್ಲಿ ಬೀದರ ಜಿಲ್ಲೆಯ ಎಷ್ಟು ಮನೆಗಳಿಂದ ಫೋನುಗಳು ಬಂದುವೆಂಬುದು ಇಲ್ಲಿ ಕನ್ನಡ ಅಂಗಡಿ, ಹೊಟೇಲು ಇಟ್ಟವರಿಗೆ ತಿಳಿದೇ ಇದೆ.

ಕಾನೂನಿನ ಮಾತು

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ; 1948ರ ಕಾರ್ಖಾನೆ ಕಾಯಿದೆ ಮೊದಲ್ಗೊಂಡು 29 ಹಳೆಯ ಕಾಯಿದೆಗಳು ಇವುಗಳಲ್ಲಿ ಅಡಗಿವೆ. ಇದರಂತೆ ಪ್ರತಿಯೊಬ್ಬನಿಗೂ ನೇಮಕಪತ್ರ ಕೊಡತಕ್ಕದ್ದು. ಹೆಚ್ಚು ಹೊತ್ತಿನ ದುಡಿಮೆಗೆ ಇಮ್ಮಡಿ ದರ. ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಲು ಅವರ ಒಪ್ಪಿಗೆಯೂ ರಕ್ಷಣೆಯ ಏರ್ಪಾಡೂ ಬೇಕು. ಐವತ್ತು ಮಂದಿ ಇದ್ದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇರಬೇಕು. ಗುತ್ತಿಗೆಯವರಿಗೂ ಕುಡಿಯುವ ನೀರು, ಊಟದ ಮನೆ, ವಿಶ್ರಾಂತಿಯ ಕೋಣೆ ಒದಗಿಸುವ ಹೊಣೆ ಮೂಲ ಕಂಪೆನಿಯದೇ. ಗೊತ್ತಾದ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಸಲ್ಲುತ್ತದೆ. ಹತ್ತು ಮಂದಿ ದುಡಿಯುವಲ್ಲೆಲ್ಲ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕೆಂಬುದು 2013ರ ಕಾಯಿದೆ. ಅದರ ಸದಸ್ಯರ ಹೆಸರನ್ನು ಕಾಣುವಲ್ಲಿ ಹಾಕಿರಬೇಕು.

ಇನ್ನೊಂದು ಸೂಕ್ಷ್ಮವಿದೆ. ಪ್ರಯೋಗಶಾಲೆಯ ಹುಡುಗರ ಬಿಲ್ಲೆಯ ಮೇಲೆ 'ಎಕ್ಸಿಕ್ಯುಟಿವ್' ಎಂದು ಬರೆದಿರುತ್ತಾರೆ. ವ್ಯವಸ್ಥಾಪಕ ದರ್ಜೆಯವರು ಕಾರ್ಮಿಕರಲ್ಲವೆಂದು ಕಾನೂನು ಹೇಳುವುದರಿಂದ, ಆ ಒಂದು ಶಬ್ದದಿಂದ ಇಮ್ಮಡಿ ದರದ ಮಾತೇ ಏಳುವುದಿಲ್ಲವೆಂದು ಹುಡುಗರು ನಂಬಿದ್ದಾರೆ. ಆದರೆ ನ್ಯಾಯಾಲಯಗಳು ಬಹುಕಾಲದಿಂದ ನೋಡುತ್ತ ಬಂದಿರುವುದು ಹುದ್ದೆಯ ಹೆಸರನ್ನಲ್ಲ, ಕೈಯ ಕೆಲಸವನ್ನು. ಯಾರ ಮೇಲೂ ಅಧಿಕಾರವಿಲ್ಲದೆ ದಿನವಿಡೀ ಪಿಪೆಟ್ ಒತ್ತುವವನು ತಾನು ಯಾರೆಂದು ಒಬ್ಬ ವಕೀಲರನ್ನು ಕೇಳುವುದು ಲೇಸು.

ಸಂಬಳದ ಮಾತು, ಕಾನೂನಿನ ಮಾತು ಆದ ಮೇಲೆ ಉಳಿಯುವುದು ಕೋಣೆಯ ಏಕಾಂತ. ಪಾಳಿ ಮುಗಿಸಿ ಬಂದವನು ಮಲಗುವಾಗ ಜೊತೆಯವರು ಕೆಲಸಕ್ಕೆ ಹೊರಡುತ್ತಾರೆ. ವಾರಗಟ್ಟಲೆ ಒಂದು ಪೂರ್ಣ ವಾಕ್ಯವನ್ನು ಕನ್ನಡದಲ್ಲಿ ಆಡದವರನ್ನು ನಾವು ಬಲ್ಲೆವು. ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಇರುವವರು ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು. ಖರ್ಚಿಲ್ಲ, ಭಾಷೆಗಳಲ್ಲಿ ಕನ್ನಡವೂ ಇದೆ. ಮುಂಬಯಿಯಲ್ಲಿ ಹೊಟೇಲಿನ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ನಡೆಸಿದರು. ಗಚ್ಚಿಬೌಲಿಯ ಪಾಳಿಯವರಿಗೆ ರವಿವಾರದ ಕೂಟದಿಂದ ಪ್ರಯೋಜನವಿಲ್ಲ, ಅವರು ರವಿವಾರ ಬರಲಾರರು. ಇಲ್ಲಿಯ ಸಂಘಗಳು ಬುಧವಾರ ಮಧ್ಯಾಹ್ನವೂ ಒಂದು ಬಾಗಿಲು ತೆರೆದಿಟ್ಟರೆ ಯಾರು ಬರುತ್ತಾರೆಂದು ನೋಡಬಹುದು.

ಹಬ್ಬಗಳ ವಿಷಯದಲ್ಲಿ ಮಾತ್ರ ಹುಡುಗಿಯರೇ ದಾರಿ ಕಂಡುಕೊಂಡಿದ್ದಾರೆ. ನಾಗರ ಪಂಚಮಿಗೆ ತವರಿಗೆ ಹೋಗಬೇಕೆಂಬುದು ನಮ್ಮ ಉತ್ತರದ ಜಿಲ್ಲೆಗಳ ಹೆಣ್ಣುಮಕ್ಕಳ ಹಂಬಲ. ಇಲ್ಲಿಯ ಕಂಪೆನಿಗಳ ರಜೆಯ ಪಟ್ಟಿಯಲ್ಲಿ ಆ ದಿನಕ್ಕೆ ಕೆಂಪು ಗುರುತಿಲ್ಲ. ಬಸವಕಲ್ಯಾಣದ ಆ ಹುಡುಗಿಯ ಪಂಚಮಿಯ ಪಾಳಿಯನ್ನು ಅವಳ ಜೊತೆಯ ವರಂಗಲ್ಲಿನ ಹುಡುಗಿ ಮಾಡುತ್ತಾಳೆ. ನವರಾತ್ರಿಯಲ್ಲಿ ಬತುಕಮ್ಮ ಹಬ್ಬಕ್ಕೆ ಅವಳು ಊರಿಗೆ ಹೋದಾಗ ಇವಳು ಇಮ್ಮಡಿ ಪಾಳಿ ನಿಂತು ಕೋಶಗಳಿಗೆ ಉಣಿಸುತ್ತಾಳೆ. ಮೂರು ವರ್ಷಗಳಿಂದ ಹೀಗೆ ನಡೆದಿದೆಯಂತೆ. ಮೇಲಿನವರಿಗೆ ಇದು ತಿಳಿದಿಲ್ಲ.